ದಾವಣಗೆರೆ–ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಫೊರೆನ್ಸಿಕ್ ಸೈಕಾಲಜಿ ಓದಿನ ಮಾರ್ಗದರ್ಶಿ

ಎರಡನೆಯ ಪಿಯುಸಿ ಫಲಿತಾಂಶದ ನಂತರ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಚರ್ಚೆಯಾಗುವ ಕೋರ್ಸುಗಳ ಸಾಲಿಗೆ ಈಚೆಗೆ ಫೊರೆನ್ಸಿಕ್ ಸೈಕಾಲಜಿಯೂ ಸೇರಿಕೊಂಡಿದೆ. ಮನೋವಿಜ್ಞಾನದ ತಿಳಿವನ್ನು ನ್ಯಾಯಾಲಯ ಮತ್ತು ಕಾನೂನಿನ ಪ್ರಶ್ನೆಗಳಿಗೆ ಬಳಸುವ ಈ ಶಾಖೆಯನ್ನು ಕನ್ನಡದಲ್ಲಿ ನ್ಯಾಯ ಮನೋವಿಜ್ಞಾನ ಎಂದು ಕರೆಯುವ ರೂಢಿಯಿದೆ. ಅಪರಾಧ ಧಾರಾವಾಹಿಗಳನ್ನು ನೋಡಿ ಆಸಕ್ತಿ ಬೆಳೆಸಿಕೊಂಡ ವಿದ್ಯಾರ್ಥಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ, ಆಸಕ್ತಿ ಎಲ್ಲಿಂದ ಬಂದರೂ ಸರಿಯೆ. ಆದರೆ ಆ ಆಸಕ್ತಿಯನ್ನು ಹಿಡಿದುಕೊಂಡು ನೇರವಾಗಿ ‘ಫೊರೆನ್ಸಿಕ್’ ಎಂಬ ಪದವಿರುವ ಯಾವುದಾದರೊಂದು ಕೋರ್ಸಿಗೆ ಶುಲ್ಕ ಕಟ್ಟುವುದು ದುಬಾರಿಯಾಗಬಹುದು. ಭಾರತದಲ್ಲಿ ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿ ಇಲ್ಲ. ಕಾನೂನು ಹೆಸರಿಸಿ ಅಧಿಕಾರ ಕೊಟ್ಟಿರುವುದು ಬಹುಮಟ್ಟಿಗೆ ಕ್ಲಿನಿಕಲ್ ಸೈಕಾಲಜಿಸ್ಟರಿಗೆ, ಅಂದರೆ ಮಾನಸಿಕ ಕಾಯಿಲೆಗಳ ಮೌಲ್ಯಮಾಪನ ಮತ್ತು ಚಿಕಿತ್ಸೆಯಲ್ಲಿ ತರಬೇತಾದ ಮನೋವಿಜ್ಞಾನಿಗಳಿಗೆ. ಆದ್ದರಿಂದ ಮೊದಲು ಮನೋವಿಜ್ಞಾನ, ಅದರ ಜೊತೆಜೊತೆಗೆ ಕಾನೂನು, ಕೊನೆಗೆ ವಿಶೇಷ ಅಧ್ಯಯನ ಎಂಬ ಕ್ರಮವನ್ನು ಈ ಲೇಖನ ಅನುಸರಿಸುತ್ತದೆ.

ಹೊರಡುವ ಮುನ್ನ: ಈ ವೃತ್ತಿಯವರು ಮಾಡುವ ಕೆಲಸ

ತೆರೆಯ ಮೇಲೆ ಕಾಣುವ ‘ಪ್ರೊಫೈಲಿಂಗ್’, ಅಂದರೆ ಅಪರಾಧದ ಸುಳಿವುಗಳಿಂದ ಅಪರಾಧಿಯ ಸ್ವಭಾವವನ್ನು ಊಹಿಸುವುದು, ಈ ಕ್ಷೇತ್ರದ ಬಹಳ ಸಣ್ಣ ಭಾಗ, ನಮ್ಮ ದೇಶದಲ್ಲಂತೂ ಇನ್ನೂ ಸಣ್ಣದು. ನಿತ್ಯದ ಕೆಲಸ ಬೇರೆಯೇ ಇದೆ. ಆರೋಪಿಗೆ ತನ್ನ ಮೇಲಿನ ಮೊಕದ್ದಮೆ ಏನೆಂದು ತಿಳಿದು, ವಕೀಲರಿಗೆ ಸೂಚನೆ ಕೊಡುವಷ್ಟು ಮಾನಸಿಕ ಸಾಮರ್ಥ್ಯ ಇದೆಯೇ ಎಂಬ ಮೌಲ್ಯಮಾಪನ ಅದರಲ್ಲಿ ಒಂದು. ಕೃತ್ಯ ನಡೆದ ಹೊತ್ತಿನಲ್ಲಿ ಆತನ ಮನಃಸ್ಥಿತಿ ಹೇಗಿತ್ತು ಎಂಬುದು ಇನ್ನೊಂದು. ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 84ನೆಯ ಕಲಂ, ಬುದ್ಧಿವೈಕಲ್ಯದ, ಅಂದರೆ ಮನಸ್ಸಿನ ಸ್ವಾಸ್ಥ್ಯ ತಪ್ಪಿದ, ಕಾರಣದಿಂದ ತಾನು ಮಾಡುತ್ತಿರುವುದು ಏನೆಂದಾಗಲೀ ಅದು ತಪ್ಪು ಅಥವಾ ಕಾನೂನುಬಾಹಿರ ಎಂದಾಗಲೀ ಅರಿಯಲಾಗದವನ ಕೃತ್ಯವನ್ನು ಅಪರಾಧವೆಂದು ಎಣಿಸುವುದಿಲ್ಲ. ಇದರ ಬೇರು 1843ರ ಇಂಗ್ಲೆಂಡಿನ ಮ್ಯಾಕ್‌ನಾಟನ್ ನಿಯಮಗಳಲ್ಲಿದೆ. ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ವೈದ್ಯರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆಯೆಂದು ಬರೆದ ಮಾತ್ರಕ್ಕೆ ಆರೋಪಿ ಖುಲಾಸೆಯಾಗುವುದಿಲ್ಲ. ಸುರೇಂದ್ರ ಮಿಶ್ರಾ ವಿರುದ್ಧ ಜಾರ್ಖಂಡ್ ರಾಜ್ಯ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಕಾನೂನಿನ ದೃಷ್ಟಿಯ ಬುದ್ಧಿವೈಕಲ್ಯವೇ ಬೇರೆ, ವೈದ್ಯಕೀಯ ದೃಷ್ಟಿಯದೇ ಬೇರೆ ಎಂದು ಸ್ಪಷ್ಟಪಡಿಸಿದೆ. ಈ ಎರಡರ ನಡುವಿನ ಅಂತರವನ್ನು ಸಾಕ್ಷ್ಯಾಧಾರಗಳೊಂದಿಗೆ ನ್ಯಾಯಾಲಯಕ್ಕೆ ವಿವರಿಸುವ ಕೌಶಲವನ್ನೇ ಈ ಓದು ಕಲಿಸಬೇಕು.

ಮಕ್ಕಳಿಗೆ ಸಂಬಂಧಿಸಿದ ಕೆಲಸ ಇದಕ್ಕಿಂತ ಹೆಚ್ಚು ಇದೆ, ಜಿಲ್ಲಾ ಮಟ್ಟದಲ್ಲಿ ಮೊದಲು ಸಿಗುವುದೂ ಅದೇ. 2015ರ ಬಾಲನ್ಯಾಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, 16 ವರ್ಷ ತುಂಬಿದ ಬಾಲಕನೊಬ್ಬ ಹೇಯ ಅಪರಾಧ ಎಸಗಿದ್ದಾನೆಂಬ ಆರೋಪವಿದ್ದಾಗ, ಆತನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸನ್ನಿವೇಶ ಇವುಗಳ ಪ್ರಾಥಮಿಕ ಮೌಲ್ಯಮಾಪನವನ್ನು ಬಾಲನ್ಯಾಯ ಮಂಡಳಿ ಮಾಡಬೇಕು. ಅದಕ್ಕೆ ಅನುಭವಿ ಮನೋವಿಜ್ಞಾನಿಗಳ ಅಥವಾ ಮನೋಸಾಮಾಜಿಕ ಕಾರ್ಯಕರ್ತರ ನೆರವನ್ನು ‘ಪಡೆಯಬಹುದು’ ಎಂದು ಕಾಯ್ದೆ ಹೇಳುತ್ತದೆ. 2022ರ ಜುಲೈನಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯ ಶಾಸ್ತ್ರ ಬಲ್ಲ ಸದಸ್ಯರು ಇಲ್ಲದಿದ್ದರೆ ಈ ನೆರವು ಕಡ್ಡಾಯವೆಂದೇ ತಿಳಿಯಬೇಕು ಎಂದಿತು. ಬಾಲಕನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆ ಎಂಬ ನಿರ್ಧಾರಕ್ಕೆ ಈ ವರದಿ ಆಧಾರವಾಗುವುದರಿಂದ, ಅದನ್ನು ಬರೆಯುವವರ ತರಬೇತಿ ಎಷ್ಟು ಗಟ್ಟಿಯಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯ ಪ್ರಕರಣಗಳಲ್ಲಿ ಮಗುವಿನ ಹೇಳಿಕೆ ಪಡೆಯುವಾಗ ನೆರವಾಗುವುದು, ಕೌಟುಂಬಿಕ ನ್ಯಾಯಾಲಯದಲ್ಲಿ ಮಗು ಯಾರ ಸುಪರ್ದಿಯಲ್ಲಿರಬೇಕೆಂಬ ಪ್ರಶ್ನೆ ಬಂದಾಗ ಅಭಿಪ್ರಾಯ ಕೊಡುವುದು, ಕಾರಾಗೃಹದ ಬಂದಿಗಳಿಗೆ ಆಪ್ತಸಮಾಲೋಚನೆ, ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಲ್ಲಿ ಆರೋಪಿಯ ಮಾನಸಿಕ ಮೌಲ್ಯಮಾಪನ ಇವೂ ಇದೇ ಕ್ಷೇತ್ರಕ್ಕೆ ಸೇರುತ್ತವೆ. ಕೊನೆಯದಕ್ಕೆ 2022ರ ಮೇ ತಿಂಗಳ ಮನೋಜ್ ವಿರುದ್ಧ ಮಧ್ಯಪ್ರದೇಶ ರಾಜ್ಯ ತೀರ್ಪು ಹೊಸ ಒತ್ತು ಕೊಟ್ಟಿದೆ.

ಈ ಪಟ್ಟಿಯನ್ನು ಓದಿಯೂ ಆಸಕ್ತಿ ಉಳಿದಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು. ಉಳಿಯದಿದ್ದರೂ ನಷ್ಟವಿಲ್ಲ, ಮನೋವಿಜ್ಞಾನದಲ್ಲಿ ಬೇರೆ ದಾರಿಗಳು ಬೇಕಾದಷ್ಟಿವೆ.

ಮೊದಲ ಹೆಜ್ಜೆ: ಪದವಿ ಕಾಲೇಜಿನ ಆಯ್ಕೆ

ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಮನೋವಿಜ್ಞಾನ ಇರುವ ಬಿ.ಎ. ಪದವಿಗೆ ಸೇರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಿ.ಎಸ್ಸಿ.ಗೆ ಕೆಲವೆಡೆ ವಿಜ್ಞಾನ ವಿಭಾಗದ ಹಿನ್ನೆಲೆ ಕೇಳುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗದು. ವಿಧಿವಿಜ್ಞಾನ (ಫೊರೆನ್ಸಿಕ್ ಸೈನ್ಸ್) ಪ್ರಯೋಗಾಲಯಗಳ ಹುದ್ದೆಗಳತ್ತ ಕಣ್ಣಿಟ್ಟವರಿಗೆ ವಿಜ್ಞಾನ ಪದವಿ ಅನುಕೂಲ, ಏಕೆಂದರೆ ನೇಮಕಾತಿ ಅಧಿಸೂಚನೆಗಳು ಪದವಿಯ ಹೆಸರನ್ನು ಅಕ್ಷರಶಃ ನೋಡುತ್ತವೆ. ಆಸ್ಪತ್ರೆ, ಬಾಲನ್ಯಾಯ ಮಂಡಳಿ, ಕಾರಾಗೃಹದ ಕಡೆಗೆ ಹೋಗುವವರಿಗೆ ಬಿ.ಎ. ಸಾಕು.

2024–25ರಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಪ್ರವೇಶದ ಅರ್ಜಿ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಾಮಾನ್ಯವಾದ ಯುಯುಸಿಎಂಎಸ್ ಎಂಬ ಆನ್‌ಲೈನ್ ತಂತ್ರಾಂಶದ ಮೂಲಕ ಸಲ್ಲಿಕೆಯಾಗುತ್ತದೆ. ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳಿವೆ. ಯಾವ ಕಾಲೇಜಿನಲ್ಲಿ ಮನೋವಿಜ್ಞಾನ ಇದೆ ಎಂದು ನೋಡುವುದರ ಜೊತೆಗೆ, ಅದಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಪ್ರಾಯೋಗಿಕ ತರಗತಿಗೆ ಪ್ರಯೋಗಾಲಯ ಇದೆಯೇ ಎಂದು ಕಾಲೇಜಿಗೇ ಹೋಗಿ ಕೇಳಿಕೊಳ್ಳುವುದು ಲೇಸು. ಜೊತೆಗೆ ಸಮಾಜಶಾಸ್ತ್ರವೋ ಅಪರಾಧಶಾಸ್ತ್ರವೋ ಸಿಗುವ ಸಂಯೋಜನೆ ದೊರೆತರೆ ಒಳ್ಳೆಯದು. ಅದಿಲ್ಲವೆಂದು ಊರು ಬಿಡುವ ಅಗತ್ಯವಿಲ್ಲ. ಊರು ಬಿಡಲು ಸಿದ್ಧರಿರುವವರಿಗೆ ಮೈಸೂರು ಮತ್ತು ಧಾರವಾಡ ಹಳೆಯ, ನಂಬಿಕೆಯ ಆಯ್ಕೆಗಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪಾಠ 1924ರಷ್ಟು ಹಿಂದೆಯೇ ಆರಂಭವಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಹುಟ್ಟುಹಾಕಿದ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿನ ಮನೋವಿಜ್ಞಾನದ ಪ್ರಾಧ್ಯಾಪಕರೇ ಆಗಿದ್ದರೆಂಬುದು ಪ್ರಸಂಗವಶಾತ್ ನೆನೆಯಬೇಕಾದ ಸಂಗತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವೂ ಇದೆ, ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವೂ ಇದೆ. ಒಂದೇ ಆವರಣದಲ್ಲಿ ಎರಡೂ ಸಿಗುವುದು ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಅನುಕೂಲ.

ದೂರಶಿಕ್ಷಣದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೆಲಸ ಮಾಡುತ್ತಲೇ ಮುಕ್ತ ವಿಶ್ವವಿದ್ಯಾಲಯಗಳ ಮೂಲಕ ಮನೋವಿಜ್ಞಾನ ಓದುವುದು ನಮ್ಮ ಭಾಗದಲ್ಲಿ, ಅದರಲ್ಲೂ ಮದುವೆಯಾದ ಹೆಣ್ಣುಮಕ್ಕಳಲ್ಲಿ, ರೂಢಿಯಾಗಿತ್ತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನೋವಿಜ್ಞಾನವನ್ನೂ ಸೇರಿಸಿ, ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸುವುದನ್ನು 2025ರ ಜುಲೈ–ಆಗಸ್ಟ್ ಅವಧಿಯಿಂದ ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸೂಚಿಸಿದೆ. ಹೀಗಿರುವಾಗ ಯಾರಾದರೂ ‘ಮನೆಯಲ್ಲೇ ಕುಳಿತು ಫೊರೆನ್ಸಿಕ್ ಸೈಕಾಲಜಿ ಪದವಿ’ ಎಂದು ಜಾಹೀರಾತು ಕೊಟ್ಟರೆ, ಅದು ಪದವಿಯೋ ಬರಿಯ ಸರ್ಟಿಫಿಕೇಟ್ ಕೋರ್ಸೋ ಎಂದು ಹಣ ಕಟ್ಟುವ ಮೊದಲೇ ಯುಜಿಸಿಯ ಜಾಲತಾಣದಲ್ಲಿ ಪರಿಶೀಲಿಸಬೇಕು. ಆರು ವಾರಗಳ ಸರ್ಟಿಫಿಕೇಟುಗಳಿಂದ ಒಂದಿಷ್ಟು ತಿಳಿವಳಿಕೆ ಸಿಗಬಹುದು. ನ್ಯಾಯಾಲಯದಲ್ಲಿ ತಜ್ಞರಾಗಿ ನಿಲ್ಲುವ ಅರ್ಹತೆ ಅವುಗಳಿಂದ ದೊರೆಯುವುದಿಲ್ಲ.

ಎರಡನೆಯ ಹೆಜ್ಜೆ: ಪದವಿಯ ಮೂರು ವರ್ಷಗಳಲ್ಲಿ ಗಟ್ಟಿಮಾಡಿಕೊಳ್ಳಬೇಕಾದ ವಿಷಯಗಳು

ಅಸಹಜ ಮನೋವಿಜ್ಞಾನ, ಬೆಳವಣಿಗೆಯ ಮನೋವಿಜ್ಞಾನ, ಸಾಮಾಜಿಕ ಮನೋವಿಜ್ಞಾನ ಇವನ್ನು ಎಲ್ಲರೂ ಆಸಕ್ತಿಯಿಂದಲೇ ಓದುತ್ತಾರೆ. ವಿದ್ಯಾರ್ಥಿಗಳು ದೂರ ಸರಿಯುವುದು ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನಗಳಿಂದ. ಈ ಕ್ಷೇತ್ರದಲ್ಲಿ ಅದೇ ದೊಡ್ಡ ಕೊರತೆಯಾಗಿ ಕಾಡುತ್ತದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳುವುದು ಫ್ರಾಯ್ಡನ ಸಿದ್ಧಾಂತವನ್ನಲ್ಲ; ನೀವು ಬಳಸಿದ ಪರೀಕ್ಷೆಯ ವಿಶ್ವಸನೀಯತೆ ಎಷ್ಟು, ಅದರ ಮಾನಕಗಳನ್ನು (ಅಂಕವನ್ನು ಹೋಲಿಸಿ ನೋಡುವ ಮಟ್ಟಗಳನ್ನು) ಯಾವ ಜನಸಮುದಾಯದ ಮೇಲೆ ರೂಪಿಸಲಾಗಿದೆ, ಅಂಕದಲ್ಲಿ ಎಷ್ಟು ಏರುಪೇರಿಗೆ ಅವಕಾಶವಿದೆ ಎಂಬುದನ್ನು.

ಸ್ಮೃತಿಯ ಅಧ್ಯಾಯವನ್ನು ವಿಶೇಷ ಗಮನವಿಟ್ಟು ಓದಬೇಕು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ನಡೆಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿ ವೇಗವೆಷ್ಟಿತ್ತೆಂದು ಕೇಳಲಾಯಿತು. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂದು ಪ್ರಶ್ನೆಯಲ್ಲಿದ್ದಾಗ ಸರಾಸರಿ ಉತ್ತರ ಗಂಟೆಗೆ 40.5 ಮೈಲಿ, ‘ತಾಗಿದಾಗ’ ಎಂದಿದ್ದಾಗ 31.8 ಮೈಲಿ. ಅದೇ ವರ್ಷದ ಎರಡನೆಯ ಪ್ರಯೋಗದಲ್ಲಿ, ತುಣುಕಿನಲ್ಲಿ ಇಲ್ಲದ ಒಡೆದ ಗಾಜನ್ನು ‘ಕಂಡೆ’ ಎಂದು ವಾರದ ನಂತರ ಹೇಳಿದವರು ‘ಅಪ್ಪಳಿಸಿದ’ ಗುಂಪಿನ 50 ಮಂದಿಯಲ್ಲಿ 16, ‘ಗುದ್ದಿದ’ ಗುಂಪಿನ 50ರಲ್ಲಿ 7. ಠಾಣೆಯಲ್ಲಿ ಸಾಕ್ಷಿಯ ಹೇಳಿಕೆಯನ್ನು ತನಿಖಾಧಿಕಾರಿ ತನ್ನ ಮಾತುಗಳಲ್ಲಿ ಬರೆದುಕೊಳ್ಳುವ ಪದ್ಧತಿ ಇರುವ ನಮ್ಮಲ್ಲಿ ಈ ಸಂಶೋಧನೆಯ ಮಹತ್ವ ಇನ್ನೂ ಹೆಚ್ಚು. ಪ್ರಶ್ನೆ ಕೇಳಿದ ರೀತಿ ಉತ್ತರದೊಳಗೆ ಹೇಗೆ ನುಸುಳುತ್ತದೆ ಎಂಬುದನ್ನು ಪದವಿಯ ಹಂತದಲ್ಲಿಯೇ ಒಂದು ಕಿರು ಪ್ರಯೋಗವಾಗಿ ಕನ್ನಡದಲ್ಲಿ ಮಾಡಿ ನೋಡಬಹುದು. ಅದಕ್ಕೆ ಒಂದು ವೀಡಿಯೊ ತುಣುಕು, ಎರಡು ಬಗೆಯ ಪ್ರಶ್ನಾವಳಿ, ಸಹಪಾಠಿಗಳ ಒಪ್ಪಿಗೆ ಇಷ್ಟು ಸಾಕು.

ಕಾನೂನನ್ನು ಓದಲು ಎಲ್‌ಎಲ್.ಬಿ. ಮಾಡಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಮೂರು ಹೊಸ ಕಾನೂನುಗಳ ಆಯ್ದ ಭಾಗಗಳನ್ನು, ಅಂದರೆ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಅಪವಾದಗಳ ಅಧ್ಯಾಯ, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬುದ್ಧಿವೈಕಲ್ಯವುಳ್ಳ ಆರೋಪಿಗಳ ಕುರಿತಾದ 367ನೆಯ ಕಲಂ ಮೊದಲ್ಗೊಂಡ ಅಧ್ಯಾಯ, ಸಾಕ್ಷ್ಯ ಅಧಿನಿಯಮದಲ್ಲಿ ತಜ್ಞರ ಅಭಿಪ್ರಾಯದ 39ನೆಯ ಕಲಂ ಇಷ್ಟನ್ನು ನಿಧಾನವಾಗಿ ಓದಿದರೆ ಒಳ್ಳೆಯ ಆರಂಭವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಮಾತ್ರ ಪೂರ್ತಿಯಾಗಿ ಓದಬೇಕು. ಇಂಡಿಯನ್ ಕಾನೂನ್ ಜಾಲತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ.

ತೀರ್ಪುಗಳಲ್ಲಿ ಮೊದಲು ಓದಬೇಕಾದುದು, ಕಾಕತಾಳೀಯವೆಂಬಂತೆ, ನಮ್ಮ ರಾಜ್ಯದ ಹೆಸರನ್ನೇ ಹೊತ್ತ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ. 2010ರ ಮೇ 5ರಂದು ಬಂದ ಈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಾರ್ಕೊ ಅನಾಲಿಸಿಸ್ (ಮಂಪರು ಪರೀಕ್ಷೆ), ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಮತ್ತು ಬ್ರೈನ್ ಮ್ಯಾಪಿಂಗ್ (ಮಿದುಳಿನ ವಿದ್ಯುತ್ ತರಂಗಗಳ ಪರೀಕ್ಷೆ) ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿ ಅದಕ್ಕೆ ಆಧಾರ. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಫಲಿತಾಂಶ ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನಷ್ಟೇ ಕಾನೂನಿನ ಚೌಕಟ್ಟಿನಲ್ಲಿ ಪರಿಗಣಿಸಬಹುದು. ಸುದ್ದಿವಾಹಿನಿಗಳು ಇಂದಿಗೂ ‘ಮಂಪರು ಪರೀಕ್ಷೆಯಿಂದ ಸತ್ಯ ಬಯಲು’ ಎನ್ನುವಾಗ ಈ ತೀರ್ಪನ್ನು ಓದಿದವರಿಗೆ ನಗು ಬರುವುದು ಸಹಜ. ಪಾಲಿಗ್ರಾಫ್ ಅಳೆಯುವುದು ಉಸಿರಾಟ, ರಕ್ತದೊತ್ತಡ, ಚರ್ಮದ ಬೆವರಿನ ಬದಲಾವಣೆಗಳನ್ನು. ಅವು ಸುಳ್ಳಿನಿಂದ ಬಂದವೋ ಭಯದಿಂದ ಬಂದವೋ ಎಂದು ಯಂತ್ರಕ್ಕೆ ತಿಳಿಯದು.

ಮೂರನೆಯ ಹೆಜ್ಜೆ: ಊರಿನಲ್ಲೇ ಸಿಗುವ ಕಲಿಕೆ

ಬೆಂಗಳೂರಿನಲ್ಲಿದ್ದರೆ ಮಾತ್ರ ಅನುಭವ ದೊರೆಯುತ್ತದೆ ಎಂಬ ಭಾವನೆ ತಪ್ಪು. ನ್ಯಾಯಾಲಯದ ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ದಾವಣಗೆರೆ ಅಥವಾ ಚಿತ್ರದುರ್ಗದ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದಲ್ಲಿ ಬೆಳಗಿನ ಕಲಾಪಕ್ಕೆ ಹೋಗಿ, ಹಿಂಬದಿಯ ಬೆಂಚಿನಲ್ಲಿ ಕುಳಿತು, ಸಾಕ್ಷಿಯ ಮುಖ್ಯ ವಿಚಾರಣೆ ಹೇಗೆ ನಡೆಯುತ್ತದೆ, ಪಾಟೀಸವಾಲಿನಲ್ಲಿ ಅದೇ ಸಾಕ್ಷಿ ಹೇಗೆ ತಡವರಿಸುತ್ತಾರೆ ಎಂದು ಗಮನಿಸಿದರೆ ಪಠ್ಯದ ಅನೇಕ ಪುಟಗಳಿಗೆ ಅರ್ಥ ಹುಟ್ಟುತ್ತದೆ. ಪೋಕ್ಸೋ ವಿಚಾರಣೆಗಳು ಗೋಪ್ಯವಾಗಿ ನಡೆಯುತ್ತವೆ, ಬಾಲನ್ಯಾಯ ಮಂಡಳಿಗೂ ಹೊರಗಿನವರಿಗೆ ಪ್ರವೇಶವಿಲ್ಲ. ಅಲ್ಲಿಗೆ ಹೋಗಲು ಪ್ರಯತ್ನಿಸಬಾರದು. ಮಗುವಿನ ಗುರುತು ಬಹಿರಂಗಪಡಿಸುವುದು ಎರಡೂ ಕಾಯ್ದೆಗಳಲ್ಲಿ ಶಿಕ್ಷಾರ್ಹ ಅಪರಾಧ. ಟಿಪ್ಪಣಿ ಪುಸ್ತಕದಲ್ಲಿ ಹೆಸರುಗಳನ್ನು ಬರೆಯದಿರುವ ಅಭ್ಯಾಸ ಆ ಹಂತದಲ್ಲಿಯೇ ಬರಲಿ.

ದಾವಣಗೆರೆಯಲ್ಲಿ ಜೆ.ಜೆ.ಎಂ. ಮತ್ತು ಎಸ್.ಎಸ್. ವೈದ್ಯಕೀಯ ಸಂಸ್ಥೆಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆಯಿದೆ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜೂ ಜಿಲ್ಲಾಸ್ಪತ್ರೆಯೂ ಇವೆ. ಅಲ್ಲಿನ ಮನೋರೋಗ ವಿಭಾಗಗಳಲ್ಲಿ ಬೇಸಿಗೆ ರಜೆಯ ವೀಕ್ಷಣೆಗೆ ಅವಕಾಶ ಕೇಳಬಹುದು. ಕೇಳುವಾಗ ವಿಭಾಗದ ಮುಖ್ಯಸ್ಥರ ಹೆಸರಿಗೆ, ಕಾಲೇಜಿನ ಪ್ರಾಂಶುಪಾಲರ ಶಿಫಾರಸಿನೊಂದಿಗೆ, ಎಷ್ಟು ವಾರ, ಏನನ್ನು ಕಲಿಯಲು ಬಯಸುತ್ತೀರಿ ಎಂದು ನಮೂದಿಸಿದ ಪತ್ರ ಕೊಡಬೇಕು. ಬಾಯಿಮಾತಿನ ವಿನಂತಿಗೆ ಉತ್ತರ ಸಿಗುವುದು ಅಪರೂಪ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಂಕಷ್ಟದಲ್ಲಿರುವ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇವುಗಳ ಅರಿವು ಕಾರ್ಯಕ್ರಮಗಳಲ್ಲಿ ಸ್ವಯಂಸೇವಕರಾಗಿ ದುಡಿಯುವುದೂ ಉಪಯುಕ್ತ. ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಕಾಲೇಜಿನ ಮೂಲಕ ಅಧಿಕೃತ ಅನುಮತಿ ಪಡೆದು ಭೇಟಿ ಕೊಟ್ಟರೆ, ಭೌತಿಕ ಸಾಕ್ಷ್ಯ ಘಟನಾ ಸ್ಥಳದಿಂದ ಮೊಹರಾಗಿ ಪ್ರಯೋಗಾಲಯ ತಲುಪುವವರೆಗಿನ ಶಿಸ್ತು ಅರ್ಥವಾಗುತ್ತದೆ. ಆ ಶಿಸ್ತು ಮನೋವಿಜ್ಞಾನಿಯ ಟಿಪ್ಪಣಿಗಳಿಗೂ ಅನ್ವಯಿಸುತ್ತದೆ.

ನಾಲ್ಕನೆಯ ಹೆಜ್ಜೆ: ಸ್ನಾತಕೋತ್ತರ ಪದವಿಯಲ್ಲಿ ದಾರಿ ಕವಲೊಡೆಯುವ ಜಾಗ

ಇಲ್ಲಿ ತೆಗೆದುಕೊಳ್ಳುವ ನಿರ್ಧಾರವೇ ಮುಂದಿನದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಒಂದು ದಾರಿ ನೇರವಾಗಿ ಫೊರೆನ್ಸಿಕ್ ಸೈಕಾಲಜಿಯ ಎಂ.ಎಸ್ಸಿ.; ಇನ್ನೊಂದು ಮನೋವಿಜ್ಞಾನ ಅಥವಾ ಕ್ಲಿನಿಕಲ್ ಸೈಕಾಲಜಿಯ ಸ್ನಾತಕೋತ್ತರ ಪದವಿ ಪಡೆದು, ಬಳಿಕ ನ್ಯಾಯ ಸಂಬಂಧಿ ವಿಷಯದಲ್ಲಿ ಪರಿಣತಿ ಗಳಿಸುವುದು.

ಮೊದಲ ದಾರಿಯ ಪ್ರಮುಖ ಸಂಸ್ಥೆ ಗಾಂಧಿನಗರದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ. ಗುಜರಾತ್ ಸರ್ಕಾರದ ವಿಶ್ವವಿದ್ಯಾಲಯವಾಗಿ ಆರಂಭವಾದ ಇದು 2020ರ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಇದರ ಒಂದು ಆವರಣ ಧಾರವಾಡದಲ್ಲಿದೆ. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರವಾಗಿ ತಲುಪಬಹುದಾದ ಊರು ಅದಾದ್ದರಿಂದ ಪಾಲಕರ ಅರ್ಧ ಚಿಂತೆ ಕಳೆಯುತ್ತದೆ. ಆದರೆ ಎಲ್ಲ ಕೋರ್ಸುಗಳೂ ಎಲ್ಲ ಆವರಣಗಳಲ್ಲಿ ಇರುವುದಿಲ್ಲ. ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಯಾವ ಆವರಣಕ್ಕೆ ಯಾವ ಕೋರ್ಸು, ಎಷ್ಟು ಸೀಟು, ಪದವಿಯಲ್ಲಿ ಯಾವ ವಿಷಯ ಓದಿರಬೇಕು ಎಂಬುದನ್ನು ನೋಡಿಯೇ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು.

ಪ್ರಯೋಗಾಲಯ, ತನಿಖಾ ಸಂಸ್ಥೆ, ಸಂಶೋಧನೆ ಇವುಗಳತ್ತ ಒಲವಿದ್ದರೆ ಮೊದಲ ದಾರಿ ಸರಿ. ವ್ಯಕ್ತಿಗಳನ್ನು ಎದುರು ಕೂರಿಸಿಕೊಂಡು ರೋಗನಿರ್ಣಯ ಮಾಡಿ ನ್ಯಾಯಾಲಯಕ್ಕೆ ವರದಿ ಕೊಡುವ ಇಚ್ಛೆಯಿದ್ದರೆ ಎರಡನೆಯ ದಾರಿಯೇ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಕಾನೂನಿನಲ್ಲಿಯೇ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 367ನೆಯ ಕಲಂ, ಆರೋಪಿಯ ಬುದ್ಧಿಸ್ಥಿತಿಯ ಬಗ್ಗೆ ಮ್ಯಾಜಿಸ್ಟ್ರೇಟರಿಗೆ ಸಂಶಯ ಬಂದಾಗ ವೈದ್ಯಾಧಿಕಾರಿಯ ಮೂಲಕ ಸರ್ಕಾರಿ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ ಕಳಿಸುವ ವ್ಯವಸ್ಥೆಯನ್ನು ಹೇಳುತ್ತದೆ. ಫೊರೆನ್ಸಿಕ್ ಸೈಕಾಲಜಿಸ್ಟ್ ಎಂಬ ಹೆಸರು ಅಲ್ಲಿ ಇಲ್ಲ.

ಐದನೆಯ ಹೆಜ್ಜೆ: ಪರವಾನಗಿ

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ನೋಂದಣಿ ಬೇಕು. 1992ರ ಕಾಯ್ದೆಯಡಿ ರೂಪುಗೊಂಡ ಈ ಪರಿಷತ್ತು ಮಾನ್ಯ ಮಾಡಿದ ಎರಡು ವರ್ಷದ ಎಂ.ಫಿಲ್. ಇದುವರೆಗಿನ ಮುಖ್ಯ ಮಾರ್ಗವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನ ಎಂ.ಫಿಲ್.ಗೆ ದೇಶದಲ್ಲೆಲ್ಲ ಹೆಸರಿದೆ. ಈಗ ಚಿತ್ರ ಬದಲಾಗುತ್ತಿದೆ. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ವಿಷಯಗಳಿಗೆ ಮಾತ್ರ 2025–26ರವರೆಗೆ ವಿನಾಯಿತಿ ನೀಡಿತು. ಆರ್‌ಸಿಐ ಇದಕ್ಕೆ ಪರ್ಯಾಯವಾಗಿ ಕ್ಲಿನಿಕಲ್ ಸೈಕಾಲಜಿಯಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ, ಡಾಕ್ಟರೇಟ್ ಮಟ್ಟದ ಸೈ.ಡಿ. ಮುಂತಾದ ಕೋರ್ಸುಗಳನ್ನು ರೂಪಿಸಿದೆ. ಕಾಲೇಜಿನವರು ‘ಕ್ಲಿನಿಕಲ್ ಸೈಕಾಲಜಿ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಆರ್‌ಸಿಐ ಮಾನ್ಯತೆ ಪಡೆದ ಕೋರ್ಸು ಆಗುವುದಿಲ್ಲ. ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆಯ ಅವಧಿ ಈ ಮೂರೂ ಇವೆಯೇ ಎಂದು ನೋಡಬೇಕು. ಇಷ್ಟು ಪರಿಶೀಲಿಸದೆ ಎರಡು ವರ್ಷ ಓದಿ, ಆಮೇಲೆ ನೋಂದಣಿ ಸಿಗದೆ ಪರದಾಡಿದವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ.

ಅಧ್ಯಾಪನದತ್ತ ಹೋಗುವವರಿಗೆ ಯುಜಿಸಿ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆಯ ದಾರಿ ಬೇರೆಯಿದೆ.

ಆರನೆಯ ಹೆಜ್ಜೆ: ಪರೀಕ್ಷಾ ಸಾಧನಗಳು ಮತ್ತು ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಭಯದಿಂದ ಈ ವಿಷಯದಿಂದ ಹಿಂದೆ ಸರಿಯುವುದನ್ನು ಕಾಣುತ್ತೇವೆ. ಪಠ್ಯ ಮತ್ತು ಸಂಶೋಧನೆ ಇಂಗ್ಲಿಷಿನಲ್ಲಿದೆ ಎಂಬುದು ನಿಜ, ಅದನ್ನು ಕಲಿಯಲೇಬೇಕು. ಆದರೆ ಆರೋಪಿ, ಸಾಕ್ಷಿ, ಮಗು, ಅವರ ಮನೆಯವರು ಮಾತನಾಡುವುದು ಊರಿನ ಮಾತನ್ನು. ‘ತಲೆ ಕೆಟ್ಟಿತ್ತು’, ‘ಮೈಮೇಲೆ ಬಂದಿತ್ತು’, ‘ಗಾಳಿ ಸೋಕಿದೆ’ ಎಂದು ಹಳ್ಳಿಯವರು ಹೇಳುವಾಗ, ಅದು ಮನೋವಿಕೃತಿಯ ಲಕ್ಷಣವೋ, ನಂಬಿಕೆಯ ಮಾತೋ, ಕೋಪವನ್ನು ಹೇಳುವ ರೂಢಿಯೋ ಎಂದು ಬಿಡಿಸಿ ನೋಡಬಲ್ಲವರು ಆ ಮಾತಿನೊಳಗೆ ಬೆಳೆದವರೇ. ಹೊರಗಿನಿಂದ ಬಂದ ತಜ್ಞರು ಭಾಷಾಂತರಕಾರರ ಮೂಲಕ ಪಡೆಯಲಾಗದ ಅನುಕೂಲ ಇದು.

ಪರೀಕ್ಷಾ ಸಾಧನಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬುದ್ಧಿಶಕ್ತಿಯ ಮಾಪನಕ್ಕೆ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಮುಂಬಯಿ–ಕರ್ನಾಟಕ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದರು. ನಮ್ಮ ನೆಲದಲ್ಲೇ ರೂಪುಗೊಂಡಿದೆ ಎಂಬುದು ಅದರ ಬಲ. ಮಾನಕಗಳು ಅಷ್ಟು ಹಳೆಯವು ಎಂಬುದು ಅದರ ಮಿತಿ. ತಲೆಮಾರುಗಳು ಕಳೆದಂತೆ ಬುದ್ಧಿಮಾಪನದ ಸರಾಸರಿ ಅಂಕಗಳು ಏರುತ್ತ ಹೋಗುತ್ತವೆಂದು ಸಂಶೋಧನೆಗಳು ತೋರಿಸಿರುವುದರಿಂದ, ಹಳೆಯ ಮಾನಕದ ಮೇಲೆ ಬಂದ ಅಂಕವನ್ನು ವರದಿಯಲ್ಲಿ ಬರೆಯುವಾಗ ಈ ಮಿತಿಯನ್ನೂ ಬರೆಯಬೇಕು.

ನ್ಯಾಮತಿ, ಚನ್ನಗಿರಿ ಕಡೆಯ ಲಂಬಾಣಿ ತಾಂಡಾದ ಮಗುವೊಂದನ್ನೋ, ಮನೆಯಲ್ಲಿ ತೆಲುಗಾಡುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಾಲಕನನ್ನೋ ಕನ್ನಡದ ಶಾಬ್ದಿಕ ಪ್ರಶ್ನೆಗಳಿಂದಲೇ ಅಳೆದರೆ, ಭಾಷೆಯ ಅಪರಿಚಿತತೆ ಬುದ್ಧಿಯ ಕೊರತೆಯಾಗಿ ದಾಖಲಾಗುವ ಅಪಾಯವಿದೆ. ಆಗ ಭಾಟಿಯಾ ಬ್ಯಾಟರಿಯಂತಹ, ಕೈಯಿಂದ ಮಾಡಿ ತೋರಿಸುವ ಕ್ರಿಯಾತ್ಮಕ ಪರೀಕ್ಷೆ ಅಥವಾ ರೇವನ್ಸ್ ಮ್ಯಾಟ್ರಿಸಸ್‌ನಂತಹ, ಚಿತ್ರವಿನ್ಯಾಸಗಳ ಅಶಾಬ್ದಿಕ ಪರೀಕ್ಷೆಯನ್ನು ಆರಿಸಬೇಕು, ಶಾಲೆಯ ದಾಖಲೆ ಮತ್ತು ಮನೆಯವರ ಮಾತಿನೊಂದಿಗೆ ತಾಳೆ ನೋಡಬೇಕು. ವಿದೇಶದಲ್ಲಿ ಕೈದಿಗಳ ಮೇಲೆ ರೂಪಿಸಿದ ಸಾಧನಗಳಿಗೂ ಇದೇ ಮಾತು ಸಲ್ಲುತ್ತದೆ. ಅನುಕಂಪ, ಪಶ್ಚಾತ್ತಾಪಗಳಿಲ್ಲದ ವ್ಯಕ್ತಿತ್ವವನ್ನು ಅಳೆಯುವ, ಕೆನಡಾದ ಮನೋವಿಜ್ಞಾನಿ ರಾಬರ್ಟ್ ಹೇರ್ ಅವರ ಸೈಕೋಪತಿ ಪರಿಶೀಲನಾ ಪಟ್ಟಿಯಲ್ಲಿ 20 ಅಂಶಗಳಿದ್ದು, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. ಉತ್ತರ ಅಮೆರಿಕದಲ್ಲಿ 30ನ್ನು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಆ ಗಡಿಯನ್ನು ಚಿತ್ರದುರ್ಗದ ಬಂದಿಯೊಬ್ಬನಿಗೆ ಹಾಗೆಯೇ ಅನ್ವಯಿಸಲು ಯಾವ ಆಧಾರವೂ ಇಲ್ಲ. ತರಬೇತಿ ಇಲ್ಲದೆ ಅಂತರ್ಜಾಲದಿಂದ ಇಳಿಸಿಕೊಂಡ ಇಂಥ ಪಟ್ಟಿಗಳಿಂದ ಪರಿಚಿತರನ್ನು ಅಳೆಯುವ ಚಟವಂತೂ ವಿದ್ಯಾರ್ಥಿಗೆ ಬೇಡವೇ ಬೇಡ. ಕನ್ನಡದಲ್ಲಿ ಮಾನಕೀಕರಿಸಿದ ಸಾಧನಗಳು ಕಡಿಮೆ ಇರುವುದರಿಂದ, ಪಿಎಚ್.ಡಿ. ವಿಷಯ ಹುಡುಕುವವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ಏಳನೆಯ ಹೆಜ್ಜೆ: ವಿದೇಶದ ಓದು, ಬೇಕೆನಿಸಿದರೆ

ಬ್ರಿಟನ್ನಿನಲ್ಲಿ ಫೊರೆನ್ಸಿಕ್ ಸೈಕಾಲಜಿಸ್ಟ್ ಎಂಬುದು ಕಾನೂನಿನ ರಕ್ಷಣೆಯಿರುವ ವೃತ್ತಿನಾಮ. ಎಚ್‌ಸಿಪಿಸಿ ಎಂಬ, ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಪರಿಷತ್ತಿನಲ್ಲಿ ನೋಂದಣಿಯಾಗದವರು ಅದನ್ನು ಬಳಸುವಂತಿಲ್ಲ. ಒಂದು ವರ್ಷದ ಎಂ.ಎಸ್ಸಿ. ಮುಗಿಸಿದರೆ ಅದು ಮೊದಲ ಹಂತ ಮಾತ್ರ. ಬಳಿಕ ಮೇಲ್ವಿಚಾರಣೆಯಲ್ಲಿ ವರ್ಷಗಳ ಕಾಲ ವೃತ್ತಿ ತರಬೇತಿ ಪಡೆಯಬೇಕು, ಅದಕ್ಕೆ ಅಲ್ಲಿ ಉದ್ಯೋಗವೂ ವೀಸಾವೂ ಬೇಕು. ಇದನ್ನು ಏಜೆಂಟರು ಹೇಳುವುದಿಲ್ಲ. ಅಮೆರಿಕದಲ್ಲಿ ಸ್ವತಂತ್ರವಾಗಿ ಕೆಲಸ ಮಾಡಲು ಡಾಕ್ಟರೇಟ್ ಮತ್ತು ಆಯಾ ರಾಜ್ಯದ ಪರವಾನಗಿ ಸಾಮಾನ್ಯವಾಗಿ ಬೇಕಾಗುತ್ತದೆ. ಹಿಂದಿರುಗಿ ಇಲ್ಲಿ ದುಡಿಯುವ ಉದ್ದೇಶವಿದ್ದರೆ, ಆ ಪದವಿಗೆ ಇಲ್ಲಿ ಸಮಾನತೆ ದೊರೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಬೇಕು.

ಎಂಟನೆಯ ಹೆಜ್ಜೆ: ವರದಿ ಬರೆಯುವ ಅಭ್ಯಾಸ ಮತ್ತು ಉದ್ಯೋಗ

ಚಿಕಿತ್ಸೆ ನೀಡುವ ಮನೋವಿಜ್ಞಾನಿಗೂ ನ್ಯಾಯಾಲಯಕ್ಕಾಗಿ ಮೌಲ್ಯಮಾಪನ ಮಾಡುವ ಮನೋವಿಜ್ಞಾನಿಗೂ ದೊಡ್ಡ ವ್ಯತ್ಯಾಸವಿದೆ. ಚಿಕಿತ್ಸಕರು ಎದುರಿಗಿರುವವರ ಹಿತಕ್ಕೆ ಬದ್ಧರು. ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಧರ್ಮ. ಮೌಲ್ಯಮಾಪಕರು ನ್ಯಾಯಾಲಯಕ್ಕೆ ಉತ್ತರದಾಯಿಗಳು. ಆದ್ದರಿಂದ ಸಂದರ್ಶನದ ಮೊದಲ ಮಾತಿನಲ್ಲಿಯೇ ‘ನೀವು ಹೇಳುವುದು ವರದಿಯಲ್ಲಿ ಬರಬಹುದು’ ಎಂದು ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಒಬ್ಬರೇ ಒಂದೇ ವ್ಯಕ್ತಿಗೆ ಎರಡೂ ಪಾತ್ರ ವಹಿಸಬಾರದೆಂಬುದು ಈ ಕ್ಷೇತ್ರದ ಮೂಲ ಶಿಸ್ತು.

ವರದಿಯಲ್ಲಿ ಯಾರು ಕೇಳಿದರು, ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ, ಯಾವ ದಾಖಲೆಗಳನ್ನು ಓದಲಾಯಿತು, ಎಷ್ಟು ಹೊತ್ತು ಯಾವ ಭಾಷೆಯಲ್ಲಿ ಸಂದರ್ಶನ ನಡೆಯಿತು ಎಂಬುದು ಮೊದಲು ಬರಬೇಕು. ಕಂಡದ್ದು ಒಂದು ಕಡೆ, ಅದರಿಂದ ಊಹಿಸಿದ್ದು ಇನ್ನೊಂದು ಕಡೆ ಬೇರೆಯಾಗಿ ಇರಬೇಕು. ‘ಅಪರಾಧಿ ಇವನೇ’ ಎಂಬಂಥ ಮಾತು ಎಲ್ಲಿಯೂ ಬರಬಾರದು, ಅದು ನ್ಯಾಯಾಧೀಶರ ಕೆಲಸ. ಪ್ರಕಟವಾದ ಯಾವುದಾದರೂ ತೀರ್ಪಿನಲ್ಲಿ ತಜ್ಞರ ಅಭಿಪ್ರಾಯವನ್ನು ನ್ಯಾಯಾಲಯ ಏಕೆ ಒಪ್ಪಿತು ಅಥವಾ ಏಕೆ ತಳ್ಳಿಹಾಕಿತು ಎಂದು ಹುಡುಕಿ ಒಂದು ಪುಟದ ಟಿಪ್ಪಣಿ ಬರೆಯುವುದನ್ನು ಸ್ನಾತಕೋತ್ತರ ಓದಿನ ಉದ್ದಕ್ಕೂ ಮಾಡಿದರೆ ಬೇರೆ ಅಭ್ಯಾಸ ಪುಸ್ತಕ ಬೇಡ.

ಉದ್ಯೋಗದ ಮಟ್ಟಿಗೆ ಹೇಳುವುದಾದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ವೈದ್ಯಕೀಯ ಕಾಲೇಜು, ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ಕೌಟುಂಬಿಕ ನ್ಯಾಯಾಲಯ ಇವುಗಳಲ್ಲಿ ಅನೇಕ ಹುದ್ದೆಗಳು ಗುತ್ತಿಗೆಯವು; ಸಂಬಳವೂ ಆರಂಭದಲ್ಲಿ ಹೆಚ್ಚಲ್ಲ. ಕೇಂದ್ರ ಮತ್ತು ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಗಳ ಹುದ್ದೆಗಳು ಕಾಯಂ, ಆದರೆ ಅಪರೂಪಕ್ಕೆ ತೆರೆಯುತ್ತವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದ ವಿದ್ಯಾರ್ಥಿಗಳು ಓದಿನ ಪ್ರತಿ ವರ್ಷವೂ ರಾಜ್ಯದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಂಡು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಕೊನೆಯ ದಿನದ ಓಡಾಟ ತಪ್ಪುತ್ತದೆ.